ಪೀಸ್ ಲೆಕ್ಕದ ಹಿಂದಿನ ಪುಟ

ಪುಸ್ತಕದ ಮುಂದಿನಿಂದ ಪ್ಯಾಂಟು,
ಹಿಂದಿನಿಂದ ಗುಳಿಗೆ.
ಮುಂದೆ: ಸೋಮವಾರ ನಲವತ್ತು ಪೀಸ್, ಜಿಪ್ ಸಮೇತ.
ಅಲ್ಲಿಗೆ ನಿಂತೈತೆ.
ಹಿಂದೆ: ಸೋಮವಾರ ಒಂದು ಬಿಳೇದು,
ಏಳು ಗಂಟೆಯಾದ್ರೂ ಮುಷ್ಟಿ ಬಿಚ್ಚಲಿಲ್ಲ.

ಕೌಲ್ ಬಜಾರಿನ ನಮ್ಮ ಸಂದಿಯಾಗ
ಜೀನ್ಸ್ ಮಷೀನು ನಿಂತ ಹನ್ನೊಂದನೇ ದಿನಕ್ಕೆ
ದೊಡ್ಡಾಸ್ಪತ್ರೆಯ ಕೀಲಿನ ಓಪಿಡೀನೂ ಬಂದಾತು.
ಗೇಟಿನವನು ಹಣೆಗೆ ಪಿಸ್ತೂಲಿನಂಥಾದ್ದು ಹಿಡಿದ:
ಜ್ವರ ಇದ್ರೆ ಈ ಕಡೆ, ಇಲ್ದಿದ್ರೆ ಮನೆಗೆ.
ಹಣೆಗೆ ಜ್ವರ ಇರಲಿಲ್ಲ.
ಗೆಣ್ಣಿಗೆ ಬಂದಿತ್ತು, ಅಲ್ಲಿಗೆ ಅವನು ಹಿಡೀಲಿಲ್ಲ.

ಚೀಟಿ ಮಡಿಕೆ ಮಡಿಕೆಗೂ ಹರಿದಿತ್ತು.
ದಿನಾ ನುಂಗೋದೊಂದು, ಶುಕ್ರವಾರ ಮಾತ್ರ ನುಂಗೋದೊಂದು,
ಮತ್ತೆ ಆ ಮಲೇರಿಯಾದ್ದು, ನನ್ನ ಪಾಲಿಗೆ ಕೀಲಿಂದು.
ಅದು ಅಂಗಡಿಯಾಗ ಇರಲಿಲ್ಲ.
'ಟೀವೀಲಿ ಬಂತಲ್ಲಕ್ಕ,' ಅಂದ ಎರ್ರಿಸ್ವಾಮಿ,
'ಕಾರಿನಾಗ ಬಂದು ಡಬ್ಬಿಗಟ್ಟಲೆ ಒಯ್ದ್ರು.'
ನೋವೇ ಇಲ್ಲದ ಯಾವುದೋ ಮನೆಯ ಬೀರುವಿನಾಗ
ನನ್ನ ಹತ್ತು ಬೆರಳು ಬೀಗದೊಳಗೆ ಕೂತವೆ.

ಪಂಪಕ್ಕ ಗೋಡೆ ಮೇಲಿಂದ ಅರ್ಧ ಪಟ್ಟಿ ಚಾಚಿದಳು.
ಆಕೇದು ಕರುಳಿನ ಉರಿ, ನಂದು ಕೀಲಿನ ಉರಿ.
'ಉರಿ ಅಂದ್ರೆ ಉರೀನೇ, ತಗಾ.'
ಬಿಳೇದು, ಕಹಿ, ನಡುವೆ ಒಂದು ಗೆರೆ,
ಥೇಟ್ ಕಟಿಂಗ್ ಮಾರ್ಕು.
ದಾರ ತೆಗೆಯೋ ಕತ್ತರೀಲಿ ಎರಡು ಮಾಡಿದೆ.
ಒಂದು ಚೂರು ಹಾರಿ ನೀಲಿ ಚಿಂದಿಯೊಳಗೆ ಬಿತ್ತು.
ಮೊಣಕಾಲೂರಿ ಹುಡುಕಿದೆ,
ಮೊಣಕಾಲೂರೋಕೇ ಅಲ್ಲವೇನು ಆ ಚೂರು ಬೇಕಾಗಿದ್ದು.

ಎರಡನೇ ದಿನ ಚಾ ಲೋಟ ಒಂದೇ ಕೈಲಿ ಎತ್ತಿದೆ.
ಇಪ್ಪತ್ತಕ್ಕೆ ಕನ್ನಡಿಯಾಗ ಮುಖ ಹಿಡಿಸಲಿಲ್ಲ.
'ದುಡಿಮೆ ಇಲ್ದಿದ್ರೂ ಚೆನ್ನಾಗಿ ಉಂಡೀಯಲ್ಲ,'
ಅಂದಳು ನಾದಿನಿ ಶಂಶಾದ್.
ನಿದ್ದೆಯಿಲ್ಲದ ನಡುರಾತ್ರಿ, ಒಲೆ ಹತ್ತಿರ ನಿಂತು
ನಿನ್ನೆಯ ರೊಟ್ಟಿ ಮುರೀತಿದ್ದೆ, ಹೌದು.

ತಪ್ಪೂ ಬರೆದೀನಿ.
ಮಾಸ್ಕ್ ಹೊಲಿಯೋ ಆರ್ಡರ್ ಬಂದ ವಾರ,
ಒಂದಕ್ಕೆ ಎಪ್ಪತ್ತು ಪೈಸೆ,
ಶುಕ್ರವಾರದ ಹಳದಿ ಗುಳಿಗೆ
ಶನಿವಾರಾನೂ ನುಂಗಿದೆ, ಭಾನುವಾರಾನೂ.
ವಾರಕ್ಕೊಂದು ಇಷ್ಟು ದುಡಿದ್ರೆ
ದಿನಕ್ಕೊಂದು ಎಷ್ಟು ದುಡೀಬೇಕು, ಪೀಸ್‌ರೇಟಿನ ಲೆಕ್ಕ.
ಮುಂದಿನ ಶುಕ್ರವಾರಕ್ಕೆ ಬಾಯೆಲ್ಲ ಹುಣ್ಣು,
ಸಪ್ಪನೆ ಗಂಜೀನೂ ಖಾರ.
ಆ ಪುಟದಾಗ ಅಕ್ಷರ ಇಲ್ಲ, ಒಂದು ಸೊನ್ನೆ.
ಪೆನ್ನು ಒತ್ತಿ ಒತ್ತಿ ಹಾಳೆ ತೂತು.

ಬಿಳೇದು ಒಂಬತ್ತು ಉಳಿದಾಗ ಎರ್ರಿಸ್ವಾಮಿ ಅಂದ:
'ಒಮ್ಮೆಲೇ ಬಿಡಬ್ಯಾಡಕ್ಕ, ಬಿದ್ದೋಗ್ತೀಯ.
ಹೆಂಗೆ ಬಿಡೋದಂತ ನಂಗೂ ಗೊತ್ತಿಲ್ಲ.'
ನನಗೆ ಗೊತ್ತಿದ್ದದ್ದು ಪ್ಯಾಂಟು.
ತೊಡೆಯಿಂದ ಪಾದಕ್ಕೆ ಇಳಿಸುವಾಗ
ಒಮ್ಮೆಲೇ ಕಿರಿದು ಮಾಡಿದ್ರೆ ಬಟ್ಟೆ ಮುದುಡ್ತೈತೆ,
ಎಳೆ ಎಳೆಯಾಗಿ ಒಳಗೆ ತರಬೇಕು.
ಒಂದು, ಮುಕ್ಕಾಲು, ಅರ್ಧ, ಅರ್ಧ, ಕಾಲು.
ಪ್ಯಾಂಟಿನ ಕಾಲು ಕತ್ತರಿಗೆ ಸಿಗ್ತೈತೆ,
ಗುಳಿಗೆಯ ಕಾಲು ಸಿಗಲಿಲ್ಲ, ಪುಡಿಯಾತು.
ಬೆರಳಿಗಂಟಿದ್ದನ್ನ ನೆಕ್ಕಿದೆ.
ಕಾಲು ಅಂತಾನೇ ಬರೆದೆ.

ಓಪಿಡಿ ತೆಗೆದ ದಿನ ಸಾಲು ರೋಡಿನ ತನಕ.
ಹಳೇ ಡಾಕ್ಟರಮ್ಮ ಇಲ್ಲ, ಈಕೆ ಎಳೇ ವಯಸ್ಸು.
'ಮಾಬುನ್ನಿ, ಹಿಂಗೆ ತಗಳ್ಳೋಕೆ ಯಾರು ಹೇಳಿದ್ರು?'
ಪುಸ್ತಕ ಮುಂದಿಟ್ಟೆ.
ಮೊದಲು ಪ್ಯಾಂಟಿನ ಕಡೆಯಿಂದ ತೆಗೆದಳು,
ಖಾಲಿ ಪುಟ, ಖಾಲಿ ಪುಟ,
ಆಮೇಲೆ ತಿರುವಿದಳು.
ಬೈದಳು. ಬೈಬೇಕಾದ್ದೇ.
ಸೊನ್ನೆ ಹತ್ತಿರ ಬಂದು ಸುಮ್ಮನಾದಳು.
ರಕ್ತಕ್ಕೆ ಬರೆದುಕೊಟ್ಟಳು, ಗೆಣ್ಣು ಒಂದೊಂದೇ ಒತ್ತಿದಳು,
ಹದಿನಾಲ್ಕು ತಿಂಗಳಾಗಿತ್ತು
ಯಾರಾದ್ರೂ ಕೇಳ್ತಾ ಕೇಳ್ತಾ ಒತ್ತಿ.

ಹೊರಗೆ ಸಾಲಿನಾಗಿಂದ ಒಬ್ಬಾಕೆ,
ನನ್ನಂಥದೇ ಸೊಟ್ಟ ಕಿರುಬೆರಳು,
ಸರಿದು ಬಂದು ಮೆಲ್ಲಗೆ ಕೇಳಿದಳು:
'ಆ ಬಿಳೇದು ನೀನು ಅರ್ಧ ತಗಂತಿದ್ದ್ಯಾ, ಒಂದಾ?'
ಪುಸ್ತಕ ಕಂಕುಳಾಗಿತ್ತು.
'ಒಳಗೆ ಕೇಳು,' ಅಂದೆ.
'ನನ್ನ ಪಾಳಿ ಬರೋದ್ರೊಳಗೆ ಬಾಗಿಲು ಹಾಕ್ತಾರಕ್ಕ.'
ಒಂದು ಗಂಟೆಗೆ ಇನ್ನ ಹತ್ತು ನಿಮಿಷ ಇತ್ತು.